ಉಂಡ ಮನೆಯ ಜಂತೆ ಎಣಿಸಿದ ರಾಯಭಾರಿ? ಲಾತುಷ್ಕಾ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಮಸ್ಕಾರ. ನಾನು ರಾಜ್ಯಶಾಸ್ತ್ರ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಸೆಮಿನಾರಿಗೆ ಬೆಲಾರಸ್‌ನ ಪಾವೆಲ್ ಲಾತುಷ್ಕಾ ಅವರನ್ನು ಆರಿಸಿಕೊಂಡೆ. ಪೋಲೆಂಡಿಗೆ ರಾಯಭಾರಿ, ಆಮೇಲೆ ಸಂಸ್ಕೃತಿ ಸಚಿವ, ಆಮೇಲೆ ಫ್ರಾನ್ಸಿಗೆ ರಾಯಭಾರಿ, ಆಮೇಲೆ ನಾಟಕ ಮಂದಿರದ ಮುಖ್ಯಸ್ಥ. 2020ರಲ್ಲಿ ಸರ್ಕಾರದ ವಿರುದ್ಧ ನಿಂತರು. 2023ರಲ್ಲಿ ಅವರಿಲ್ಲದೆಯೇ ವಿಚಾರಣೆ ನಡೆದು 18 ವರ್ಷ ಜೈಲು ಶಿಕ್ಷೆಯಾಯಿತು. ಗೈಡ್ ಮೇಡಂ ‘ಅವಕಾಶವಾದಿ, ಬೇರೆ ಯಾರನ್ನಾದರೂ ತಗೋ’ ಅಂದರು. ಸ್ನೇಹಿತರು ‘ಹೀರೋ’ ಅನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ‘ಪೋಲೆಂಡಿನ ಏಜೆಂಟ್’ ಅಂತಲೂ ಇದೆ. ನಮ್ಮಪ್ಪ ಸರ್ಕಾರಿ ನೌಕರರು. ಅವರು ‘ಇಪ್ಪತ್ತೈದು ವರ್ಷ ಸಂಬಳ ತಗೊಂಡು ಉಂಡ ಮನೆಯ ಜಂತೆ ಎಣಿಸಿದವನು’ ಅಂದುಬಿಟ್ಟರು. ರಾಯಭಾರಿಯಾಗಿದ್ದವರಿಗೆ ವಿನಾಯಿತಿ ಇರುವುದಿಲ್ವಾ? ಎದುರಿಗಿಲ್ಲದವರಿಗೆ ಶಿಕ್ಷೆ ಕೊಟ್ಟರೆ ಅದಕ್ಕೆ ಏನರ್ಥ? ಅವರ ಮುಂದೆ ಬೇರೆ ದಾರಿ ಇತ್ತಾ? ನಾನು ವಿಷಯ ಬದಲಾಯಿಸಲಾ?

ಉತ್ತರ: ವಿಷಯ ಬದಲಾಯಿಸಬೇಡಿ. ನಾಲ್ಕು ಜನ ನಾಲ್ಕು ಹೆಸರಿಟ್ಟು ಕರೆಯುವ ಮನುಷ್ಯ ಸೆಮಿನಾರಿಗೆ ಸಿಗುವುದೇ ಅಪರೂಪ. ನಿಮ್ಮ ನಿಜವಾದ ಹೆದರಿಕೆ ಬೇರೆ ಅಂತ ನನಗನ್ನಿಸುತ್ತದೆ. ಒಳ್ಳೆಯವರು ಅಂತ ಬರೆದರೆ ಮೇಡಂ ಮುನಿಯುತ್ತಾರೆ, ಕೆಟ್ಟವರು ಅಂತ ಬರೆದರೆ ಸ್ನೇಹಿತರು ನಗುತ್ತಾರೆ, ಅಲ್ವಾ? ಈ ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ನಿಮ್ಮಪ್ಪನ ಮಾತು ಮಾತ್ರ ಪಕ್ಕಕ್ಕಿಡುವಂಥದ್ದಲ್ಲ. ಅದಕ್ಕೆ ಕೊನೆಗೆ ಬರುತ್ತೇನೆ.

ಪೂರ್ವ ಯುರೋಪಿನ ರಾಜಕೀಯ ಪಾಠ ಮಾಡುತ್ತಿದ್ದಾಗ ನಾನು ಲಾತುಷ್ಕಾ ಬಗ್ಗೆ ಹೇಳಬೇಕಾದರೆ ಬೋರ್ಡಿನ ಮೇಲೆ ಎರಡು ದಿನಾಂಕ ಮಾತ್ರ ಬರೆಯುತ್ತಿದ್ದೆ. 19 ಡಿಸೆಂಬರ್ 2010. 17 ಆಗಸ್ಟ್ 2020. ಇವೆರಡರ ನಡುವೆ ಏನಾಯಿತು ಅಂತ ಹೇಳಿದರೆ ಅವರನ್ನು ಅರ್ಥ ಮಾಡಿಕೊಂಡ ಹಾಗೆ. ಉಳಿದ ಹುದ್ದೆಗಳ ಪಟ್ಟಿ ಯಾರು ಬೇಕಾದರೂ ಬರೆಯಬಹುದು.

ಆದರೂ ಆ ಪಟ್ಟಿಯನ್ನು ಒಮ್ಮೆ ನೋಡಿಬಿಡೋಣ. ಹುಟ್ಟಿದ್ದು 1973ರ ಫೆಬ್ರವರಿ, ಬೆಲಾರಸ್ ರಾಜಧಾನಿ ಮಿನ್ಸ್ಕ್‌ನಲ್ಲಿ. ಓದಿದ್ದು ಕಾನೂನು. 90ರ ದಶಕದ ನಡುವಿನಲ್ಲಿ ವಿದೇಶಾಂಗ ಇಲಾಖೆ ಸೇರಿದರು. ಮೊದಲ ಪೋಸ್ಟಿಂಗ್ ಪೋಲೆಂಡಿನ ಬಿಯಾಲಿಸ್ಟೋಕ್‌ನಲ್ಲಿದ್ದ ಕಾನ್ಸುಲೇಟ್, ಅಂದರೆ ವೀಸಾ, ಪಾಸ್‌ಪೋರ್ಟ್ ಕೆಲಸ ನೋಡಿಕೊಳ್ಳುವ ಕಚೇರಿ. ಅದು ಗಡಿಗೆ ಹತ್ತಿರದ ಊರು. ಸುತ್ತಮುತ್ತ ಬೆಲರೂಸಿ ಮಾತಾಡುವ ಜನವೂ ಇದ್ದಾರೆ. 2000ದಲ್ಲಿ ಇಲಾಖೆಯ ವಕ್ತಾರರಾದರು. 2002ರ ಕೊನೆಯಲ್ಲಿ ಪೋಲೆಂಡಿಗೆ ರಾಯಭಾರಿ. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ! ನಮ್ಮಲ್ಲಿ ಆ ವಯಸ್ಸಿಗೆ ಐ.ಎಫ್.ಎಸ್. ಪಾಸಾದವರು ಮೂರನೇ ಕಾರ್ಯದರ್ಶಿಯೋ ಎರಡನೇ ಕಾರ್ಯದರ್ಶಿಯೋ ಆಗಿರುತ್ತಾರೆ ಅಷ್ಟೆ. 1991ರಲ್ಲಿ ಸ್ವತಂತ್ರವಾದ ಸಣ್ಣ ದೇಶ ಅದು. ಅನುಭವಸ್ಥರು ಕಡಿಮೆ, ಕುರ್ಚಿಗಳು ಜಾಸ್ತಿ. ಚುರುಕಾದ ಹುಡುಗರು ಬೇಗ ಮೇಲೇರಿದರು.

ವಕ್ತಾರರಾಗಿದ್ದ ಕಾಲದ ಒಂದು ವಿಷಯವನ್ನು ನಿಮ್ಮ ಸೆಮಿನಾರಿನಲ್ಲಿ ಬಿಡಬೇಡಿ. ಅವರು ಪತ್ರಕರ್ತರ ಮುಂದೆ ಬೆಲರೂಸಿ ಭಾಷೆಯಲ್ಲಿ ಮಾತಾಡುತ್ತಿದ್ದರು. ‘ಅದರಲ್ಲೇನು ವಿಶೇಷ, ಅವರ ದೇಶದ ಭಾಷೆ ತಾನೇ’ ಅಂತ ನೀವು ಕೇಳಬಹುದು. ವಿಶೇಷ ಇದೆ. 1995ರ ಜನಮತಗಣನೆಯ ನಂತರ ಅಲ್ಲಿ ರಷ್ಯನ್ ಭಾಷೆಗೂ ಸಮಾನ ಸ್ಥಾನ ಸಿಕ್ಕಿತು. ಹೆಸರಿಗೆ ಸಮಾನ. ಕಚೇರಿ, ಕೋರ್ಟು, ಸೈನ್ಯ ಎಲ್ಲ ರಷ್ಯನ್‌ಗೆ ಹೊರಳಿದವು. ಅಧ್ಯಕ್ಷ ಲುಕಾಶೆಂಕೊ ಮಾತಾಡುವುದೂ ರಷ್ಯನ್. 2019ರ ಜನಗಣತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಮಾತೃಭಾಷೆ ಬೆಲರೂಸಿ ಅಂತ ಬರೆಸಿದರು. ಮನೆಯಲ್ಲಿ ಅದನ್ನು ಆಡುತ್ತೇವೆ ಅಂದವರು ಸುಮಾರು ಕಾಲು ಭಾಗ ಮಾತ್ರ. ಅಂಥ ಕಡೆ ಒಬ್ಬ ಅಧಿಕಾರಿ ಮೈಕಿನ ಮುಂದೆ ನಿಂತು ಬೆಲರೂಸಿ ಮಾತಾಡಿದರೆ ಜನ ತಲೆಯೆತ್ತಿ ನೋಡುತ್ತಾರೆ. ಅದನ್ನು ಬಂಡಾಯ ಅಂತ ಕರೆಯಬೇಡಿ, ಅದು ಜಾಸ್ತಿಯಾಯಿತು. ಒಳಗಿದ್ದುಕೊಂಡೇ ಎಷ್ಟು ಜಾಗ ಸಿಗುತ್ತದೋ ಅಷ್ಟು ತಗೊಳ್ಳುವ ಮನುಷ್ಯ ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ಈ ಸ್ವಭಾವ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಈಗ ‘ಪೋಲೆಂಡಿನ ಏಜೆಂಟ್’ ಮಾತು. ಈ ಆರೋಪಕ್ಕೆ ಜನ ಕೊಡುವ ದೊಡ್ಡ ಸಾಕ್ಷಿ ಎಂದರೆ ಅವರು ಅಲ್ಲಿ ರಾಯಭಾರಿಯಾಗಿದ್ದರು ಅನ್ನುವುದು. ಅಲ್ಲಿಗೆ ಕಳಿಸಿದ್ದು ಯಾರು? ಲುಕಾಶೆಂಕೊ ಅವರೇ. ಸುಮಾರು ಆರು ವರ್ಷ ಅಲ್ಲೇ ಇಟ್ಟುಕೊಂಡಿದ್ದರು. ಆ ಅವಧಿಯಲ್ಲಿ, 2005ರಲ್ಲಿ, ಬೆಲಾರಸ್‌ನಲ್ಲಿರುವ ಪೋಲಿಷ್ ಜನರ ಸಂಘದ ಮೇಲೆ ಹಿಡಿತ ಯಾರದ್ದು ಅಂತ ಎರಡು ದೇಶಗಳ ನಡುವೆ ದೊಡ್ಡ ಜಗಳವಾಯಿತು. ಪರಸ್ಪರ ಅಧಿಕಾರಿಗಳನ್ನು ಹೊರಗಟ್ಟಿದರು. ಪೋಲೆಂಡ್ ತನ್ನ ರಾಯಭಾರಿಯನ್ನು ಮಿನ್ಸ್ಕ್‌ನಿಂದ ವಾಪಸ್ ಕರೆಸಿಕೊಂಡಿತು. ಆಗ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಕೂತು ಮಿನ್ಸ್ಕ್‌ನ ಪ್ರತಿನಿಧಿಯಾಗಿದ್ದವರು ಇದೇ ಲಾತುಷ್ಕಾ. 2020ರಲ್ಲಿ ಅವರು ಪೋಲೆಂಡಿಗೇ ಹೋದದ್ದಕ್ಕೆ ಗುಟ್ಟಿನ ಕಾರಣ ಹುಡುಕಬೇಕಿಲ್ಲ. ಪಕ್ಕದ ದೇಶ, ಗೊತ್ತಿರುವ ಭಾಷೆ, ಪರಿಚಯದ ಜನ. ಮನೆ ಬಿಟ್ಟು ಓಡುವವರು ಬಾಗಿಲು ಗೊತ್ತಿರುವ ಕಡೆಗೇ ಓಡುತ್ತಾರೆ.

2009ರ ಜೂನ್‌ನಲ್ಲಿ ಸಂಸ್ಕೃತಿ ಸಚಿವರಾದರು. 2012ರ ಕೊನೆಯವರೆಗೆ ಇದ್ದರು. ‘ಹೀರೋ’ ಅನ್ನುವ ನಿಮ್ಮ ಸ್ನೇಹಿತರು ಇಲ್ಲಿ ಸ್ವಲ್ಪ ನಿಲ್ಲಬೇಕು.

19 ಡಿಸೆಂಬರ್ 2010, ಅಧ್ಯಕ್ಷ ಚುನಾವಣೆಯ ದಿನ. ರಾತ್ರಿ ಮಿನ್ಸ್ಕ್‌ನ ಚೌಕದಲ್ಲಿ ಸಾವಿರಾರು ಜನ ಸೇರಿದರು. ಪೊಲೀಸರು ಹೊಡೆದು ಚದುರಿಸಿದರು. 600ಕ್ಕೂ ಹೆಚ್ಚು ಜನರನ್ನು ಹಿಡಿದರು. ಲುಕಾಶೆಂಕೊ ವಿರುದ್ಧ ನಿಂತಿದ್ದ ಒಂಬತ್ತು ಅಭ್ಯರ್ಥಿಗಳಲ್ಲಿ ಏಳು ಜನ ಬಂಧನಕ್ಕೊಳಗಾದರು. ಅವರಲ್ಲೊಬ್ಬರು ಆಂದ್ರೇ ಸಾನ್ನಿಕೊವ್. ಅವರೂ ರಾಜತಾಂತ್ರಿಕರೇ, ಹಿಂದೆ ವಿದೇಶಾಂಗ ಇಲಾಖೆಯ ಉಪ ಸಚಿವರಾಗಿದ್ದವರು. ಪೊಲೀಸರು ಅವರನ್ನು ಬಡಿದರು. ಮುಂದಿನ ವರ್ಷ ಐದು ವರ್ಷದ ಜೈಲು ಶಿಕ್ಷೆಯಾಯಿತು. ಆ ರಾತ್ರಿ ಲಾತುಷ್ಕಾ ಸಚಿವ ಸಂಪುಟದಲ್ಲಿದ್ದರು. ಮರುದಿನವೂ ಇದ್ದರು. ಮುಂದಿನ ವರ್ಷವೂ ಇದ್ದರು. ಆಮೇಲೆ ಯಾವ ಬ್ಯಾಂಡ್ ಎಲ್ಲಿ ಹಾಡಬಾರದು, ಯಾವ ಕಲಾವಿದರನ್ನು ಟಿವಿಯಲ್ಲಿ ತೋರಿಸಬಾರದು ಅಂತ ಬಾಯಿಮಾತಿನ ಕಪ್ಪುಪಟ್ಟಿಗಳು ಓಡಾಡಿದ ಕಾಲದಲ್ಲೂ ಆ ಇಲಾಖೆಯ ಸಚಿವರು ಅವರೇ.

ನೆಸ್ವಿಜ್ ಅರಮನೆಯ ಜೀರ್ಣೋದ್ಧಾರ ಮುಗಿದದ್ದು ಅವರ ಕಾಲದಲ್ಲಿ ಅಂತ ಅಭಿಮಾನಿಗಳು ಹೇಳುತ್ತಾರೆ. ನಿಜ, 2012ರಲ್ಲಿ ಮುಗಿಯಿತು. ಅರಮನೆ ಚೆನ್ನಾಗಿದೆ. ಅದರಿಂದ 2010ರ ರಾತ್ರಿ ಅಳಿಸಿಹೋಗುವುದಿಲ್ಲ.

ಅಲ್ಲಿಂದ ಫ್ರಾನ್ಸಿಗೆ ರಾಯಭಾರಿ. ಜೊತೆಗೆ ಸ್ಪೇನ್, ಪೋರ್ಚುಗಲ್ ಹೊಣೆ, ಯುನೆಸ್ಕೋದಲ್ಲಿ ಪ್ರತಿನಿಧಿ. ಆರು ವರ್ಷಕ್ಕೂ ಹೆಚ್ಚು ಪ್ಯಾರಿಸ್‌ನಲ್ಲಿದ್ದರು. ಈ ಭಾಗದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. 2019ರಲ್ಲಿ ಕೆಲಸ ಮುಗಿಸಿ ಬಂದರು. ಬೆಲರೂಸಿ ಕವಿ ಯಾಂಕಾ ಕುಪಾಲಾ ಹೆಸರಿನ ರಾಷ್ಟ್ರೀಯ ರಂಗಮಂದಿರದ ಮಹಾನಿರ್ದೇಶಕರಾದರು. ಕಾಗದದ ಮೇಲೆ ಇದು ಹಿಂಬಡ್ತಿ. ನನ್ನ ಲೆಕ್ಕದಲ್ಲಿ ಅವರ ಬದುಕು ತಿರುಗಿದ್ದೇ ಇಲ್ಲಿ.

ಯಾಕೆ ಅಂತ ಹೇಳುತ್ತೇನೆ. ಹೊಸ ರಾಯಭಾರಿ ಹೋದ ದೇಶದಲ್ಲಿ ಮೊದಲು ಒಂದು ಪತ್ರ ಕೊಡುತ್ತಾರೆ. ಅದು ಒಬ್ಬ ರಾಷ್ಟ್ರಾಧ್ಯಕ್ಷ ಇನ್ನೊಬ್ಬ ರಾಷ್ಟ್ರಾಧ್ಯಕ್ಷನಿಗೆ ಬರೆದದ್ದು. ಇವರು ನನ್ನ ಪರವಾಗಿ ಏನು ಹೇಳುತ್ತಾರೋ ಅದನ್ನು ನಂಬಿ ಅಂತ ಅದರ ತಾತ್ಪರ್ಯ. ಅಂದರೆ ಬಾಯಿ ಇವರದು, ಮಾತು ಅವರದು. ಇಪ್ಪತ್ತು ವರ್ಷ ಹೀಗೆ ಬದುಕಿದವರಿಗೆ ಸ್ವಂತ ಮಾತು ಎಲ್ಲಿಟ್ಟಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಇದು ಬೆಲಾರಸ್ ರೋಗವಲ್ಲ, ವೃತ್ತಿಯ ರೋಗ. ಜೊತೆಗೆ ರಾಯಭಾರ ಕಚೇರಿ ಊರಿನಿಂದ ದೂರ ಇರುತ್ತದೆ. ಊರಿನಲ್ಲಿ ನಡೆದದ್ದು ಅಲ್ಲಿಗೆ ತಲುಪುವಾಗ ಟೈಪ್ ಆಗಿ, ಸೀಲ್ ಬಿದ್ದು, ಬಿಸಿ ಆರಿರುತ್ತದೆ. ನಾಟಕ ಕಂಪನಿಯಲ್ಲಿ ಹಾಗಿಲ್ಲ. ಬೆಳಿಗ್ಗೆ ರಿಹರ್ಸಲ್‌ಗೆ ಬಂದ ಹುಡುಗನ ತಮ್ಮ ನಿನ್ನೆ ರಾತ್ರಿಯಿಂದ ಮನೆಗೆ ಬಂದಿಲ್ಲ ಅಂದರೆ ಅದು ಮುಖ್ಯಸ್ಥರ ಕೋಣೆಗೆ ನೇರವಾಗಿ ಬರುತ್ತದೆ.

2020ರ ಆಗಸ್ಟ್ 9ರಂದು ಚುನಾವಣೆ ನಡೆಯಿತು. ಲುಕಾಶೆಂಕೊಗೆ ಶೇ. 80 ಮತ ಅಂತ ಘೋಷಿಸಿದರು. ಜನ ನಂಬಲಿಲ್ಲ, ಬೀದಿಗೆ ಬಂದರು. ಮೊದಲ ಕೆಲವೇ ದಿನಗಳಲ್ಲಿ 6,000ಕ್ಕೂ ಹೆಚ್ಚು ಜನರನ್ನು ಹಿಡಿದರು. ಮಿನ್ಸ್ಕ್‌ನ ಅಕ್ರೆಸ್ಟಿನಾ ಬೀದಿಯಲ್ಲಿ ಒಂದು ಬಂಧೀಖಾನೆ ಇದೆ. ಅದರ ಗೋಡೆಯ ಹೊರಗೆ ಅಪ್ಪ ಅಮ್ಮಂದಿರು ರಾತ್ರಿಯೆಲ್ಲ ನಿಂತಿದ್ದರು. ಒಳಗಿನಿಂದ ಕೂಗು ಕೇಳುತ್ತಿತ್ತು. ಬಿಡುಗಡೆಯಾದವರು ಬಟ್ಟೆ ಎತ್ತಿ ಬೆನ್ನು ತೊಡೆ ತೋರಿಸಿದರು. ಎಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು. ಆ ಚಿತ್ರಗಳನ್ನು ನೋಡಿದವರು ಮರೆಯುವುದು ಕಷ್ಟ.

ಕುಪಾಲಾ ರಂಗಮಂದಿರದ ಕಲಾವಿದರು ಇದರ ವಿರುದ್ಧ ದನಿ ಎತ್ತಿದರು. ಲಾತುಷ್ಕಾ ಅವರನ್ನು ತಡೆಯಲಿಲ್ಲ, ತಾವೂ ಜೊತೆಗೆ ನಿಂತರು. 17 ಆಗಸ್ಟ್ ಅವರನ್ನು ಕೆಲಸದಿಂದ ತೆಗೆದರು. ಮರುದಿನ ಸಂಸ್ಕೃತಿ ಸಚಿವರು ತಂಡದ ಜೊತೆ ಮಾತಾಡಲು ಬಂದರು. ಹತ್ತು ವರ್ಷದ ಹಿಂದೆ ಲಾತುಷ್ಕಾ ಕೂತಿದ್ದ ಕುರ್ಚಿಯಲ್ಲೇ ಈಗ ಕೂತಿದ್ದವರು ಅವರು. ನಮ್ಮ ನಿರ್ದೇಶಕರನ್ನು ವಾಪಸ್ ಕೊಡಿ ಅಂತ ನಟರು ಕೇಳಿದರು. ಆಗಲಿಲ್ಲ. ರಾಜೀನಾಮೆ ಪತ್ರಗಳನ್ನು ಕೊಟ್ಟು ಎದ್ದರು. ಕೊನೆಗೆ 50ಕ್ಕೂ ಹೆಚ್ಚು ಜನ ಹೊರಗೆ ಹೋದರು. ಆ ರಂಗಮಂದಿರಕ್ಕೆ ನೂರು ವರ್ಷ ತುಂಬಲು ಇನ್ನೊಂದು ತಿಂಗಳೂ ಇರಲಿಲ್ಲ. ಶತಮಾನೋತ್ಸವದ ಹೊತ್ತಿಗೆ ದೇಶದ ಅತಿ ಹಳೆಯ ರಂಗಮಂದಿರದಲ್ಲಿ ಗೋಡೆಗಳಿದ್ದವು, ತಂಡವಿರಲಿಲ್ಲ.

ಇಲ್ಲಿ ನಿಮ್ಮ ಗೈಡ್ ಮೇಡಂ ಅವರ ವಾದಕ್ಕೆ ನ್ಯಾಯ ಕೊಡಬೇಕು. ಆಗಸ್ಟ್ 16ರ ಭಾನುವಾರ ಮಿನ್ಸ್ಕ್‌ನಲ್ಲಿ ಆ ದೇಶ ಹಿಂದೆಂದೂ ಕಾಣದಷ್ಟು ಜನ ಸೇರಿದ್ದರು. 17ರಂದು ಲುಕಾಶೆಂಕೊ ಒಂದು ಕಾರ್ಖಾನೆಗೆ ಹೋದಾಗ ಕಾರ್ಮಿಕರೇ ಮುಖದ ಮೇಲೆ ‘ತೊಲಗು’ ಅಂತ ಕೂಗಿದರು. ಸರ್ಕಾರ ಇವತ್ತೋ ನಾಳೆಯೋ ಬೀಳುತ್ತದೆ ಅಂತ ಬಹಳ ಜನ ನಂಬಿದ್ದ ವಾರ ಅದು. ಮುಳುಗುವ ಹಡಗಿನಿಂದ ಹಾರುವುದಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ಹಾಗಾಗಿ ಆಗಸ್ಟಿನ ದಿನಗಳನ್ನು ಮಾತ್ರ ನೋಡಿದರೆ ಮೇಡಂ ಹೇಳುವುದನ್ನು ಸುಳ್ಳು ಅಂತ ತೋರಿಸಲು ಆಗುವುದಿಲ್ಲ.

ಆದರೆ ಹಡಗು ಮುಳುಗಲಿಲ್ಲ. ಅಲ್ಲಿಂದ ಮುಂದೆ ಆ ವಾದ ಕುಂಟುತ್ತದೆ.

ಅಧಿಕಾರ ಹಸ್ತಾಂತರದ ಮಾತುಕತೆಗೆ ಅಂತ ವಿರೋಧ ಪಕ್ಷದವರು ಒಂದು ಸಮನ್ವಯ ಮಂಡಳಿ ಮಾಡಿದ್ದರು. ಅದರ ಅಧ್ಯಕ್ಷ ಮಂಡಲಿಯಲ್ಲಿ ಏಳು ಜನ, ಲಾತುಷ್ಕಾ ಒಬ್ಬರು. ಅವರನ್ನು ತನಿಖೆಗೆ ಕರೆದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ದೇಶ ಬಿಟ್ಟರು. ಕೆಲವೇ ದಿನಗಳಲ್ಲಿ ಅದೇ ಏಳು ಜನರಲ್ಲಿ ಒಬ್ಬರಾದ ಮರಿಯಾ ಕಾಲೆಸ್ನಿಕವಾ ಅವರನ್ನು ಮುಸುಕುಧಾರಿಗಳು ಬೀದಿಯಿಂದ ಎತ್ತಿಕೊಂಡು ಹೋಗಿ ಉಕ್ರೇನ್ ಗಡಿಯಲ್ಲಿ ಹೊರಗೆ ತಳ್ಳಲು ನೋಡಿದರು. ಅವರು ತಮ್ಮ ಪಾಸ್‌ಪೋರ್ಟ್ ಹರಿದು ಹಾಕಿದರು. ಪಾಸ್‌ಪೋರ್ಟ್ ಇಲ್ಲದವರನ್ನು ಗಡಿ ದಾಟಿಸುವುದು ಹೇಗೆ? ಅವರಿಗೆ 11 ವರ್ಷ, ಮಂಡಲಿಯಲ್ಲೇ ಇದ್ದ ವಕೀಲ ಮಕ್ಸಿಮ್ ಜ್ನಾಕ್ ಅವರಿಗೆ 10 ವರ್ಷ ಶಿಕ್ಷೆಯಾಯಿತು. ಇಬ್ಬರೂ ಹೊರಗೆ ಬಂದದ್ದು 2025ರ ಡಿಸೆಂಬರ್‌ನಲ್ಲಿ. ಏಳು ಜನರಲ್ಲಿ ಸೆಪ್ಟೆಂಬರ್ 9ರ ಹೊತ್ತಿಗೆ ದೇಶದೊಳಗೆ ಸ್ವತಂತ್ರವಾಗಿ ಉಳಿದವರು ನೊಬೆಲ್ ಪಡೆದ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಒಬ್ಬರೇ. ಯಾರೂ ಬಂದು ಎತ್ತಿಕೊಂಡು ಹೋಗದಿರಲಿ ಅಂತ ಯುರೋಪಿನ ರಾಜತಾಂತ್ರಿಕರು ಅವರ ಮನೆಗೆ ಬಂದು ಕೂತರು.

ಹೀಗಾಗಿ ‘ಮೊದಲು ಓಡಿದವರು ಲಾತುಷ್ಕಾ’ ಅನ್ನುವ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಓಡದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಊಹಿಸುವುದೂ ಬೇಕಿಲ್ಲ. ಪಕ್ಕದಲ್ಲಿ ಕೂತಿದ್ದವರಿಗೆ ಏನಾಯಿತು ಅಂತ ನೋಡಿದರೆ ಸಾಕು.

ವಿನಾಯಿತಿ ಬಗ್ಗೆ ಕೇಳಿದ್ದೀರಿ. ಈ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಬಹಳ. ರಾಯಭಾರಿಗೆ ಇರುವ ರಕ್ಷಣೆ ಅವರು ಹೋದ ದೇಶದ ಕಾನೂನಿನಿಂದ, ಅವರನ್ನು ಕಳಿಸಿದ ದೇಶದ ಕಾನೂನಿನಿಂದಲ್ಲ. 1961ರ ವಿಯೆನ್ನಾ ಒಪ್ಪಂದದ 31ನೇ ವಿಧಿಯಲ್ಲೇ ಇದು ಸ್ಪಷ್ಟವಾಗಿದೆ. ಲಾತುಷ್ಕಾ ಪ್ಯಾರಿಸ್‌ನಲ್ಲಿದ್ದಾಗ ಫ್ರೆಂಚ್ ಪೊಲೀಸರು ಅವರನ್ನು ಮುಟ್ಟುವಂತಿರಲಿಲ್ಲ. ಮಿನ್ಸ್ಕ್‌ನ ಪೊಲೀಸರಿಗೆ ಅಂಥ ಅಡ್ಡಿ ಯಾವತ್ತೂ ಇರಲಿಲ್ಲ.

ಇನ್ನು ಎದುರಿಗಿಲ್ಲದವರ ವಿಚಾರಣೆ. 2022ರ ಜುಲೈನಲ್ಲಿ ಬೆಲಾರಸ್ ತನ್ನ ಕಾನೂನು ತಿದ್ದಿ ಇದಕ್ಕೆ ದಾರಿ ಮಾಡಿಕೊಂಡಿತು. 2023ರ ಜನವರಿಯಲ್ಲಿ ಮಿನ್ಸ್ಕ್ ನಗರ ನ್ಯಾಯಾಲಯದಲ್ಲಿ ಕೇಸು ಶುರುವಾಯಿತು. ಅಧಿಕಾರ ಕಸಿಯಲು ಸಂಚು, ತೀವ್ರವಾದಿ ಗುಂಪು ಕಟ್ಟಿದ್ದು, ಹೀಗೆ ಆರೋಪಗಳ ಸರಮಾಲೆ. ಮಾರ್ಚ್ 6ರಂದು ತೀರ್ಪು ಬಂತು. ಚುನಾವಣೆಯಲ್ಲಿ ಲುಕಾಶೆಂಕೊಗೆ ಎದುರಾಗಿ ನಿಂತಿದ್ದ ಸ್ವೆತ್ಲಾನಾ ತ್ಸಿಖನೌಸ್ಕಯಾ ಅವರಿಗೆ 15 ವರ್ಷ. ಲಾತುಷ್ಕಾ ಅವರಿಗೆ 18. ಇನ್ನು ಮೂವರಿಗೆ 12 ವರ್ಷ. ಚುನಾವಣೆಗೆ ನಿಂತವರಿಗಿಂತ ಮಾಜಿ ರಾಯಭಾರಿಗೆ ಮೂರು ವರ್ಷ ಜಾಸ್ತಿ. ಹೊರಗಿನ ಶತ್ರುವಿಗಿಂತ ಒಳಗಿನಿಂದ ಎದ್ದುಹೋದವನ ಮೇಲೆ ಅಲ್ಲಿ ಸಿಟ್ಟು ಜಾಸ್ತಿ ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ಅದು ನನ್ನ ಓದು ಮಾತ್ರ.

ಇಂಥ ತೀರ್ಪಿನಿಂದ ದಿನನಿತ್ಯದಲ್ಲಿ ಏನಾಗುತ್ತದೆ? ವಾರ್ಸಾದಲ್ಲಿ ಯಾರೂ ಬಂದು ಕೈಗೆ ಕೋಳ ಹಾಕುವುದಿಲ್ಲ. ರಾಜಕೀಯ ಸ್ವರೂಪದ ಪ್ರಕರಣಗಳಲ್ಲಿ ಕೈಹಾಕಬಾರದು ಅಂತ ಇಂಟರ್‌ಪೋಲ್‌ನ ಸಂವಿಧಾನದ 3ನೇ ವಿಧಿಯೇ ಹೇಳುತ್ತದೆ. ಆದರೆ ರಷ್ಯಾ ಕಡೆ ಕಾಲಿಡುವಂತಿಲ್ಲ. ವಿಮಾನ ಹತ್ತುವ ಮುಂಚೆ ಅದು ಎಲ್ಲೆಲ್ಲಿ ಇಳಿಯುತ್ತದೆ, ಯಾರ ಆಕಾಶದ ಮೇಲೆ ಹಾರುತ್ತದೆ ಅಂತ ನೋಡಬೇಕು. ಇದು ಸುಮ್ನೆ ಹೇಳುವ ಮಾತಲ್ಲ. 2021ರ ಮೇ ತಿಂಗಳಲ್ಲಿ ಅಥೆನ್ಸ್‌ನಿಂದ ವಿಲ್ನಿಯಸ್‌ಗೆ ಹೋಗುತ್ತಿದ್ದ ವಿಮಾನವನ್ನು ಮಿನ್ಸ್ಕ್‌ನಲ್ಲಿ ಇಳಿಸಿ ಅದರಲ್ಲಿದ್ದ ಒಬ್ಬ ಪತ್ರಕರ್ತರನ್ನು ಬಂಧಿಸಿದ್ದರು.

ಪಾಸ್‌ಪೋರ್ಟ್ ಕಥೆ ಇನ್ನೊಂದು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಆದೇಶ ಬಂತು: ಹೊರದೇಶದಲ್ಲಿರುವ ಬೆಲಾರಸ್ ರಾಯಭಾರ ಕಚೇರಿಗಳು ಇನ್ನು ಮೇಲೆ ನಾಗರಿಕರ ಪಾಸ್‌ಪೋರ್ಟ್ ನವೀಕರಿಸುವುದಿಲ್ಲ. ಬೇಕಾದರೆ ದೇಶಕ್ಕೆ ಬಂದು ಮಾಡಿಸಿಕೊಳ್ಳಿ. ಬಂದರೆ ಏನಾಗುತ್ತದೆ ಅಂತ ಹೊರಗಿರುವವರಿಗೆ ಗೊತ್ತು. ತೀವ್ರವಾದದ ಕೇಸಿನಲ್ಲಿ ಶಿಕ್ಷೆಯಾಗಿ ಹೊರದೇಶದಲ್ಲಿ ಇರುವವರ ಪೌರತ್ವವನ್ನೇ ಕಿತ್ತುಕೊಳ್ಳಲೂ ಅದೇ ವರ್ಷ ಕಾನೂನು ಮಾಡಿಕೊಂಡರು. ಮೊದಲ ಪೋಸ್ಟಿಂಗ್‌ನಲ್ಲೇ ಕಾನ್ಸುಲೇಟಿನ ಕಿಟಕಿಯ ಹಿಂದೆ ಕೆಲಸ ಕಲಿತವರು ಲಾತುಷ್ಕಾ. ಈಗ ಅವರ ಜೊತೆಯವರು ಅದೇ ಕಿಟಕಿಯ ಹೊರಗೆ ನಿಂತಿದ್ದಾರೆ, ಕಿಟಕಿ ಮುಚ್ಚಿದೆ.

ಬೇರೆ ದಾರಿ ಇತ್ತಾ ಅಂತ ಕೇಳಿದಿರಿ. ಇತ್ತು. ಒಂದೊಂದು ದಾರಿಯಲ್ಲೂ ಒಬ್ಬೊಬ್ಬರು ನಡೆದು ತೋರಿಸಿದ್ದಾರೆ. ನಿಮ್ಮ ಸೆಮಿನಾರಿಗೆ ಇದೇ ಒಳ್ಳೆಯ ಸಾಮಗ್ರಿ.

ಒಳಗೇ ಉಳಿಯುವ ದಾರಿ ವ್ಲಾದಿಮಿರ್ ಮಕೇಯ್ ಅವರದು. ಸೋವಿಯತ್ ಸೇನೆಯಲ್ಲಿದ್ದವರು, ವಿಯೆನ್ನಾದಲ್ಲಿ ರಾಜತಾಂತ್ರಿಕತೆ ಓದಿದವರು. 2012ರಿಂದ ವಿದೇಶಾಂಗ ಸಚಿವ. ಪಶ್ಚಿಮದ ಕಡೆ ಬಾಗಿಲು ತೆರೆಯಲು ಹತ್ತಿರ ಹತ್ತಿರ ಎಂಟು ವರ್ಷ ದುಡಿದರು. 2015ರಲ್ಲಿ ಉಕ್ರೇನ್ ಶಾಂತಿ ಮಾತುಕತೆ ಮಿನ್ಸ್ಕ್‌ನಲ್ಲಿ ನಡೆಯಿತು. 2016ರಲ್ಲಿ ಯುರೋಪಿಯನ್ ಒಕ್ಕೂಟ ಬೆಲಾರಸ್ ಮೇಲಿನ ತನ್ನ ಬಹುಪಾಲು ನಿರ್ಬಂಧ ತೆಗೆಯಿತು. 2017ರಲ್ಲಿ ಐದು ದಿನಕ್ಕೆ ವೀಸಾ ಇಲ್ಲದೆ ಬನ್ನಿ ಅಂತ 80 ದೇಶಗಳ ಜನರನ್ನು ಕರೆದರು. 2020 ಬಂತು, ಎಲ್ಲ ಮಣ್ಣುಪಾಲಾಯಿತು. ಮಕೇಯ್ ಹೊರಗೆ ಬರಲಿಲ್ಲ. ತಾವೇ ಕಟ್ಟಿದ್ದನ್ನು ಕೆಡವುವ ಸರ್ಕಾರದ ಪರ ವಕಾಲತ್ತು ಮಾಡಿದರು. 2022ರ ನವೆಂಬರ್ 26ರಂದು, 64ನೇ ವಯಸ್ಸಿನಲ್ಲಿ, ಹಠಾತ್ತನೆ ತೀರಿಕೊಂಡರು. ಅವರ ಹೆಸರು ಹಾಳಾಯಿತು ಅಂತ ನಾನು ಹೇಳುವುದಿಲ್ಲ. ಅವರ ಕೆಲಸ ಉಳಿಯಲಿಲ್ಲ ಅಂತ ಹೇಳಬಲ್ಲೆ.

ಬೇಗ ಹೊರಗೆ ಬರುವ ದಾರಿ ಸಾನ್ನಿಕೊವ್ ಅವರದು. 1996ರ ಜನಮತಗಣನೆಯಲ್ಲಿ ಲುಕಾಶೆಂಕೊ ತಮ್ಮ ಅಧಿಕಾರ ಹಿಗ್ಗಿಸಿಕೊಳ್ಳಲು ಹೊರಟಾಗಲೇ ಉಪ ಸಚಿವ ಹುದ್ದೆ ಬಿಟ್ಟರು. ಆಗ ಲಾತುಷ್ಕಾ ಇಲಾಖೆಯಲ್ಲಿ ಇನ್ನೂ ಹೊಸ ಹುಡುಗ. ಸಾನ್ನಿಕೊವ್ ಕೈಗೆ ಕೊಳೆ ಹತ್ತಿಲ್ಲ. ಬದಲಿಗೆ ಹದಿನಾಲ್ಕು ವರ್ಷ ಹೊರಗೆ ಕಾದು, ಏಟು ತಿಂದು, ಜೈಲಿಗೆ ಹೋಗಿ, ಕೊನೆಗೆ ಬ್ರಿಟನ್‌ನಲ್ಲಿ ಆಶ್ರಯ ಪಡೆದರು. 

ಹೊರಗಿದ್ದಾಗಲೇ ಹೇಳಿಬಿಡುವ ದಾರಿ ಇಗೋರ್ ಲೆಶ್ಚೆನ್ಯಾ ಅವರದು. 2020ರ ಆಗಸ್ಟ್‌ನಲ್ಲಿ ಸ್ಲೊವಾಕಿಯಾದಲ್ಲಿ ರಾಯಭಾರಿಯಾಗಿದ್ದರು. ಪ್ರತಿಭಟನಕಾರರ ಪರ ಒಂದು ವಿಡಿಯೋ ಮಾಡಿದರು, ಹುದ್ದೆ ಹೋಯಿತು. ರಾಯಭಾರಿಯಾಗಿದ್ದಾಗಲೇ ಬಾಯಿ ಬಿಟ್ಟ ಮೊದಲಿಗರು ಅವರು. ಈ ದಾರಿಯಲ್ಲಿ ಮೈಗೆ ಪೆಟ್ಟು ಕಡಿಮೆ, ಆದರೆ ಮನೆಗೆ ವಾಪಸ್ ಹೋಗುವಂತಿಲ್ಲ. ಇನ್ನೂ ಒಂದು ದಾರಿ ಇದೆ, ಸದ್ದಿಲ್ಲದೆ ರಾಜೀನಾಮೆ ಕೊಟ್ಟು ಬೇರೆ ಕೆಲಸ ಹುಡುಕಿಕೊಳ್ಳುವುದು. ಆ ದಾರಿಯಲ್ಲಿ ಹೋದವರ ಮೇಲೆ ಯಾರೂ ಸೆಮಿನಾರ್ ಮಾಡುವುದಿಲ್ಲ.

ಲಾತುಷ್ಕಾ ಹಿಡಿದದ್ದು ಇವೆಲ್ಲದರ ನಡುವಿನ ದಾರಿ. ಬಹಳ ಕಾಲ ಒಳಗಿದ್ದರು, ತಡವಾಗಿ ಬಂದರು, ಬಂದ ಮೇಲೆ ಹಿಂದೆ ತಿರುಗಲಿಲ್ಲ. 2020ರ ಕೊನೆಯಲ್ಲಿ ವಾರ್ಸಾದಲ್ಲಿ ರಾಷ್ಟ್ರೀಯ ಬಿಕ್ಕಟ್ಟು ನಿರ್ವಹಣಾ ತಂಡ ಅಂತ ಕಟ್ಟಿದರು. 2022ರ ಆಗಸ್ಟ್‌ನಲ್ಲಿ ದೇಶ ಬಿಟ್ಟವರು ತ್ಸಿಖನೌಸ್ಕಯಾ ನೇತೃತ್ವದಲ್ಲಿ ಕಟ್ಟಿದ ಸಂಯುಕ್ತ ಮಧ್ಯಂತರ ಸಂಪುಟದಲ್ಲಿ ಉಪ ಮುಖ್ಯಸ್ಥರಾದರು. ಇದನ್ನು ನೀವು ‘ಸರ್ಕಾರ’ ಅಂತ ಬರೆಯಬೇಡಿ, ಪರೀಕ್ಷಕರು ಹಿಡಿಯುತ್ತಾರೆ. ಅದಕ್ಕೆ ಪೊಲೀಸ್ ಇಲ್ಲ, ಬಜೆಟ್ ಇಲ್ಲ, ಒಂದು ಅಂಗುಲ ನೆಲ ಇಲ್ಲ. ಇರುವುದು ಭೇಟಿ, ಪತ್ರ, ನಿರ್ಬಂಧಗಳ ಪಟ್ಟಿ. ಅಂದರೆ ರಾಯಭಾರ ಕಚೇರಿಯ ಕೆಲಸವೇ, ಹಿಂದೆ ದೇಶ ಇಲ್ಲ ಅಷ್ಟೆ.

ಇಲ್ಲೂ ಮುಚ್ಚಿಡಬೇಡಿ. 2024ರ ಮೇ ತಿಂಗಳಲ್ಲಿ ಸಮನ್ವಯ ಮಂಡಳಿಗೆ ಆನ್‌ಲೈನ್ ಚುನಾವಣೆ ನಡೆಯಿತು. ಲಾತುಷ್ಕಾ ಬಣದ ಪಟ್ಟಿಯೇ ಮುಂದೆ ಬಂತು, 80ರಲ್ಲಿ 28 ಸೀಟು. ಕೇಳಲು ಚೆನ್ನಾಗಿದೆ. ಆದರೆ ಮತ ಹಾಕಿದವರು ಏಳು ಸಾವಿರ ಕೂಡ ಇರಲಿಲ್ಲ. ಒಳಗಿರುವವರಿಗೆ ಹೆದರಿಕೆ, ಹೊರಗಿರುವವರಿಗೆ ಸುಸ್ತು. ಅವರ ಪಟ್ಟಿಯಿಂದ ಗೆದ್ದು ಮಂಡಳಿಯ ಸಭಾಧ್ಯಕ್ಷೆಯಾಗಿದ್ದವರೇ 2025ರ ಮಾರ್ಚ್‌ನಲ್ಲಿ ಕಾಣೆಯಾದರು. ದೇಶ ಬಿಟ್ಟವರ ರಾಜಕೀಯದಲ್ಲಿ ಯಾರು ಯಾರವರು ಅನ್ನುವ ಅನುಮಾನ ಯಾವಾಗಲೂ ಇರುತ್ತದೆ. ಆ ಘಟನೆಯ ನಂತರ ಅದು ಹೆಚ್ಚಾಯಿತು.

ಈಗ ನಿಮ್ಮ ಸೆಮಿನಾರ್. ಹೀರೋ ಕಥೆ ಬರೆದರೆ 2010 ಬಗ್ಗೆ ಮೊದಲ ಪ್ರಶ್ನೆಗೇ ಸಿಕ್ಕಿಹಾಕಿಕೊಳ್ಳುತ್ತೀರಿ. ಅವಕಾಶವಾದಿ ಅಂತ ಬರೆದರೆ 18 ವರ್ಷದ ಶಿಕ್ಷೆಯನ್ನು ಹೊತ್ತುಕೊಂಡು ಇಷ್ಟು ವರ್ಷ ಯಾವ ಅವಕಾಶಕ್ಕೆ ಕಾಯುತ್ತಿದ್ದಾರೆ ಅಂತ ಯಾರಾದರೂ ಕೇಳುತ್ತಾರೆ. ನಾನಾದರೆ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು, ಪ್ರತಿ ಸಲ ಅವರ ಕುರ್ಚಿ ಯಾವುದು, ಎದುರಿಗೆ ಯಾರು ನಿಂತಿದ್ದರು, ಕಳೆದುಕೊಳ್ಳುವುದು ಏನಿತ್ತು ಅಂತ ಬರೆಯುತ್ತೇನೆ. 2010ರಲ್ಲಿ ಎದುರಿಗೆ ಕಡತಗಳಿದ್ದವು. 2020ರಲ್ಲಿ ನಟರಿದ್ದರು. ಇದರಲ್ಲಿ ಒಂದು ಅಪಾಯವಿದೆ, ಯಾರ ಪರವೂ ಅಲ್ಲದ ಹಾಗೆ ಕಾಣುತ್ತೀರಿ. ಮೇಡಂಗೆ ಅದು ಹಿಡಿಸದಿದ್ದರೆ ಅಂಕ ಎರಡು ಕಡಿಮೆ ಬರಬಹುದು.

ಇನ್ನು ನಿಮ್ಮಪ್ಪನ ಮಾತು. ಉಂಡ ಮನೆಯ ಜಂತೆ ಎಣಿಸಬಾರದು, ಸರಿ. ಆದರೆ ಆ ಮನೆ ಯಾರದು? ಸಂಬಳಕ್ಕೆ ತೆರಿಗೆ ಕಟ್ಟಿದವರು ಅಕ್ರೆಸ್ಟಿನಾ ಗೋಡೆಯ ಎರಡೂ ಕಡೆ ಇದ್ದರು. ಇದನ್ನು ಕುಪಾಲಾ ತಂಡ ತಮ್ಮದೇ ರೀತಿಯಲ್ಲಿ ಕೇಳಿತು. ರಾಜೀನಾಮೆ ಕೊಟ್ಟ ಕಲಾವಿದರು ‘ಕುಪಾಲಾವ್ಸಿ’ ಅಂತ ಹೆಸರಿಟ್ಟುಕೊಂಡು 2020ರ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬಿನಲ್ಲಿ ತಮ್ಮ ಮೊದಲ ನಾಟಕ ತೋರಿಸಿದರು. ಆರಿಸಿಕೊಂಡದ್ದು ಯಾಂಕಾ ಕುಪಾಲಾ ಅವರದೇ ‘ತುತೇಯ್‌ಶಿಯಾ’. ‘ಇಲ್ಲಿಯವರು’ ಅಂತ ಅರ್ಥ. 1918ರಿಂದ 1920ರ ಮಿನ್ಸ್ಕ್, ಇವತ್ತು ಜರ್ಮನರು, ನಾಳೆ ಪೋಲರು, ನಾಡಿದ್ದು ಬೊಲ್ಶೆವಿಕರು. ಅದರಲ್ಲಿ ಮಿಕಿತಾ ಅನ್ನುವ ಒಬ್ಬ ಸಣ್ಣ ಗುಮಾಸ್ತ. ಯಾರು ಊರಿಗೆ ಬಂದರೂ ಅವರ ಭಾಷೆ ಕಲಿತು, ಅವರಿಗೆ ಬೇಕಾದ ಹಾಗೆ ವೇಷ ಬದಲಿಸಿ, ಕುರ್ಚಿ ಉಳಿಸಿಕೊಳ್ಳಲು ನೋಡುತ್ತಾನೆ. ನೋಡುವವರಿಗೆ ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ಬೇಜಾರೂ ಆಗುತ್ತದೆ. ಸೋವಿಯತ್ ಕಾಲದಲ್ಲಿ ಬಹಳ ವರ್ಷ ಅದನ್ನು ಆಡಲು ಬಿಟ್ಟಿರಲಿಲ್ಲ. ಅಪ್ಪ ಜೊತೆ ಕೂತು ನೋಡಿ. ಲಾತುಷ್ಕಾ ಮಿಕಿತಾನಾ, ಮಿಕಿತಾನ ಹಾಗೆ ಆಗಬಾರದು ಅಂತ ಎದ್ದುಹೋದವರಾ ಅಂತ ಅವರನ್ನೇ ಕೇಳಿ. ಅವರು ಏನಂದರು ಅಂತ ನನಗೂ ಒಂದು ಸಾಲು ಬರೆಯಿರಿ.

ಕೊನೆಗೊಂದು ಸಣ್ಣ ವಿಷಯ, ಮರೆತರೆ ಅರ್ಧ ಸಾಮಗ್ರಿ ಸಿಗುವುದಿಲ್ಲ. ಅವರ ಹೆಸರು ಬೆಲರೂಸಿಯಲ್ಲಿ ಲಾತುಷ್ಕಾ, ರಷ್ಯನ್‌ನಲ್ಲಿ ಲಾತುಷ್ಕೊ. ಎರಡೂ ಕಾಗುಣಿತ ಹಾಕಿ ಹುಡುಕಿ. ಮಿನ್ಸ್ಕ್‌ನ ಸರ್ಕಾರಿ ಸುದ್ದಿಸಂಸ್ಥೆ ಹಳೆಯ ವರ್ಷಗಳಲ್ಲಿ ‘ಸಚಿವ ಲಾತುಷ್ಕೊ’ ಬಗ್ಗೆ ಬರೆದದ್ದನ್ನೂ, 2020ರ ನಂತರ ಬರೆದದ್ದನ್ನೂ ಬೇರೆ ಬೇರೆ ಫೈಲಿನಲ್ಲಿಡಿ. ಸೆಮಿನಾರ್ ಯಾವತ್ತು ಅಂತ ನೀವು ಬರೆದಿಲ್ಲ. ಒಂದು ವಾರವಿದ್ದರೆ ಈ ಕೆಲಸವನ್ನು ಮೊದಲು ಮುಗಿಸಿ.